ಮಿಸ್ಟರ್ ಪ್ರಿಸಿಲ್ಲಾನ ಹನ್ನೆರಡು ಕುದುರೆಗಳು

ವೆಂಡೆಲ್ ಪ್ರೌಟಿಗೆ ಹಸಿರು ಬಣ್ಣ ಕಾಣುವುದಿಲ್ಲ ಎನ್ನುವ ಸಂಗತಿ ಪ್ರಪಂಚದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಅವನ ಹೆಂಡತಿ ಅರ್ಲೀನ್. ಇನ್ನೊಬ್ಬರು, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ನೌಕಾಪಡೆಗೆ ಸೇರಲು ಹೋದಾಗ ಕಣ್ಣು ಪರೀಕ್ಷೆ ಮಾಡಿ ಬೆನ್ನು ತಟ್ಟಿ ಮನೆಗೆ ಕಳಿಸಿದ ಡಾಕ್ಟರು. ಅವರು ಕಾಲವಾಗಿ ಬಹಳ ವರ್ಷವಾಯಿತು. ಸ್ವತಃ ವೆಂಡೆಲ್‌ಗೆ ಗೊತ್ತಿತ್ತೇ ಎಂದು ಕೇಳಿದರೆ, ಆ ವಿಷಯದಲ್ಲಿ ಗಂಡ ಹೆಂಡಿರ ನಡುವೆ ನಲವತ್ತು ವರ್ಷಗಳಿಂದ ಒಮ್ಮತ ಮೂಡಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಅರ್ಲೀನ್ ಹೇಳಿನೋಡಿದಳು. "ಎಡಗಾಲಿನ ಕಾಲುಚೀಲ ಹಸಿರು, ಬಲಗಾಲಿಂದು ಕಂದು."

"ಎರಡೂ ಕಂದೇ. ನೀನು ಮೊದ್ಲು ಕನ್ನಡಕ ಮಾಡಿಸ್ಕೋ," ಎಂದು ವೆಂಡೆಲ್ ಬೂಟಿನ ದಾರ ಬಿಗಿದ.

ಹೇಳಿ ಹೇಳಿ ಸಾಕಾಗಿ ಅವಳು ಆ ಮಾತೆತ್ತುವುದನ್ನೇ ಬಿಟ್ಟಳು. ಒಂದೊಂದು ಕಾಲಿಗೆ ಒಂದೊಂದು ಬಣ್ಣ ಹಾಕಿಕೊಂಡು ಅವನು ಓಡಾಡುವುದನ್ನು ಜನ ಶೋಕಿ ಎಂದುಕೊಂಡರು. ನಲ್ಲಿ ಪೈಪುಗಳ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ. ಅಲ್ಲಿ ಅಳತೆ ಮುಖ್ಯವೇ ಹೊರತು ಬಣ್ಣವನ್ನು ಯಾರೂ ಕೇಳುವುದಿಲ್ಲ. ಹೀಗೆ ಗುಟ್ಟು ಗುಟ್ಟಾಗಿಯೇ ಉಳಿದುಕೊಂಡು, ಮನುಷ್ಯ ನಿವೃತ್ತನಾಗಿ ತೆಪ್ಪಗೆ ಕಾಲ ಕಳೆಯಬಹುದಾಗಿತ್ತು.

ಆದರೆ ಅವನಿಗೆ ಪಿನ್ನಿನ ಹುಚ್ಚು ಹಿಡಿಯಿತು.

ಫ್ಲಾರಿಡಾದ ಹೆರಾನ್ ಪಾರ್ಕಿನಲ್ಲಿ ಯಂತ್ರದ ತೊಟ್ಟಿಲುಗಳನ್ನು ಏರಿ ಕಿರುಚಲು ಬರುವವರು ಒಂದು ಜಾತಿ, ಪಿನ್ನಿಗಾಗಿ ಬರುವವರು ಇನ್ನೊಂದು ಜಾತಿ. ಹೆಬ್ಬೆರಳ ಉಗುರಿನಷ್ಟು ಗಾತ್ರದ ಬಣ್ಣಬಣ್ಣದ ಪಿನ್ನುಗಳನ್ನು ಅಗಲವಾದ ಪಟ್ಟಿಗೆ ಚುಚ್ಚಿ ಕೊರಳಿಗೆ ತೂಗುಹಾಕಿಕೊಂಡು ಓಡಾಡುವುದು, ಎದುರಾದವರ ಕೊರಳು ನೋಡುವುದು, ನಿನ್ನದು ಕೊಡು ನನ್ನದು ತಗೋ ಎಂದು ಅದಲುಬದಲು ಮಾಡುವುದು. ಈ ಎರಡನೆಯ ಜಾತಿಯವರಿಗೆ ದೋಣಿಗಟ್ಟೆಯ ಹತ್ತಿರ ಓಕ್ ಮರದ ಕೆಳಗಿರುವ ಮೇಜೇ ಸರ್ವೋಚ್ಚ ನ್ಯಾಯಾಲಯ. ಶನಿವಾರ ನಾಲ್ಕು ಗಂಟೆಗೆ ಅಲ್ಲಿ ಏಳು ಜನ ಕೂರುತ್ತಾರೆ. ಏಳೇ ಕುರ್ಚಿ, ಪ್ರತಿ ಕುರ್ಚಿಯ ಬೆನ್ನಿಗೂ ಹಿತ್ತಾಳೆ ತಗಡಿನ ಮೇಲೆ ಕೆತ್ತಿದ ಹೆಸರು. ಮಿಕ್ಕವರು ಹಿಂದೆ ನಿಂತು ಇಣುಕಬೇಕು. ವೆಂಡೆಲ್ ಹನ್ನೊಂದು ವರ್ಷದಿಂದ ಇಣುಕುತ್ತಿದ್ದ.

ಮೇಜಿನ ಯಜಮಾನಿ ಮಿಸೆಸ್ ಟಟಲ್. ಎಂಬತ್ತೊಂದು ವಯಸ್ಸು, ಕೈಯಲ್ಲಿ ಸದಾ ಭೂತಗನ್ನಡಿ. ಅವರ ಬಲಗಡೆಗೆ ಡಾಕ್ಟರ್ ಪ್ರೂಯಿಟ್, ಹಲ್ಲಿನ ವೈದ್ಯರಾಗಿ ನಿವೃತ್ತರಾದವರು. ಪಿನ್ನನ್ನು ಮಗುಚಿ ಬೆನ್ನಿನ ಮೇಲೆ ಸಣ್ಣ ಕಡ್ಡಿಯಿಂದ ಕುಟ್ಟಿ, ಅಸಲೋ ನಕಲೋ ಹೇಳುತ್ತಿದ್ದರು. ಒಂದು ಶನಿವಾರ ಡಾಕ್ಟರು ಒಂದು ದೋಣಿ ಪಿನ್ನನ್ನು ಎತ್ತಿಹಿಡಿದು ಹಿಂದೆ ನಿಂತವರ ಅಭಿಪ್ರಾಯ ಕೇಳಿದರು. ವೆಂಡೆಲ್‌ಗೆ ಏನು ಹೇಳಬೇಕೆಂದು ತೋಚಲಿಲ್ಲ. ಗಂಟಲು ಸರಿಮಾಡಿಕೊಂಡು, "ಛಾಯೆ ಅಷ್ಟು ಸರಿಯಿಲ್ಲ," ಎಂದ.

ಇಡೀ ಮೇಜು ತಿರುಗಿ ನೋಡಿತು. ಡಾಕ್ಟರು ಅಂದು ಸಂಜೆಯೇ ಆ ದೋಣಿಯನ್ನು ಕೈಬಿಟ್ಟರು. ಅಂದಿನಿಂದ ವೆಂಡೆಲ್‌ಗೆ ಬಣ್ಣದ ಕಣ್ಣಿದೆ ಎಂಬ ಖ್ಯಾತಿ ಹಬ್ಬಿತು. ಏನು ತೋರಿಸಿದರೂ ಅವನು ಕತ್ತು ಓರೆ ಮಾಡಿ, ಛಾಯೆ ಅಷ್ಟು ಸರಿಯಿಲ್ಲ ಎನ್ನುವನು. ಅಪ್ಪಿತಪ್ಪಿ ಒಮ್ಮೆ "ಪರವಾಗಿಲ್ಲ" ಎಂದಾಗ ಆ ಪಿನ್ನಿನ ಒಡತಿ ಕಣ್ಣೀರು ಹಾಕಿದ್ದಳು.

ಈಗ, ಓಗಲ್‌ಟ್ರೀ ಎಂಬ ಸದಸ್ಯರು ಮಗಳ ಮನೆಗೆ ಒಹಾಯೋಗೆ ಹೊರಟುಹೋಗಿ ಒಂದು ಕುರ್ಚಿ ಖಾಲಿಯಾಗಿತ್ತು. ಕುರ್ಚಿ ಬೇಕೆಂದರೆ ಮೇಜಿನ ಏಳನೇ ನಿಯಮ ಪಾಲಿಸಬೇಕು. ಪಾರ್ಕಿನ ಹಳೆಯ ತಿರುಗುವ ಕುದುರೆಗಳ ಹೆಸರಿನಲ್ಲಿ ಬಂದ ಹನ್ನೆರಡು ಪಿನ್ನುಗಳ ಪೂರಾ ಕಟ್ಟು ಗೇಟಿನಿಂದ ಮೇಜಿನವರೆಗೆ ಕೊರಳಲ್ಲಿ ತೂಗುತ್ತಾ, ಎಲ್ಲರ ಕಣ್ಣಿಗೂ ಬಿದ್ದು, ಶನಿವಾರ ನಾಲ್ಕು ಹೊಡೆಯುವುದರೊಳಗೆ ಬರಬೇಕು. ಚೀಲದಲ್ಲಿ ಮುಚ್ಚಿಟ್ಟು ತಂದರೆ ಅದು ದಾಸ್ತಾನು, ಸಂಗ್ರಹವಲ್ಲ. ದಾರಿಯಲ್ಲಿ ಯಾರು ಬೇಕಾದರೂ ಅದಲುಬದಲು ಕೇಳಬಹುದು. ಸಂಗ್ರಾಹಕನಾದವನು ನಯವಾಗಿ ಇಲ್ಲ ಎನ್ನಲು ಕಲಿತಿರಬೇಕು.

ಹನ್ನೆರಡನೇ ಕುದುರೆ ಮಂಗಳವಾರವಷ್ಟೇ ವೆಂಡೆಲ್‌ನ ಕೈಸೇರಿತ್ತು. ಜಾರ್ಜಿಯಾದ ಲಾರಿ ಡ್ರೈವರೊಬ್ಬನಿಗೆ ಮೂವತ್ತು ಪಿನ್ನು ಕೊಟ್ಟು, ಮೇಲೆ ಒಂದು ಹೊಟ್ಟೆ ತುಂಬ ಸೀಗಡಿ ಊಟ ಹಾಕಿಸಿ ಪಡೆದದ್ದು. ಬಣ್ಣ ಕಾಣದಿದ್ದರೇನು, ಕುದುರೆಗಳು ಅವನಿಗೆ ಕಾಲು ಬಾಲಗಳಿಂದಲೇ ಪರಿಚಯ. ಒಂದು ಕಾಲೆತ್ತಿದ್ದು, ಎರಡು ಕಾಲೆತ್ತಿದ್ದು, ಬಾಲ ಜಡೆ ಹೆಣೆದದ್ದು, ಹಲ್ಲು ಕಿರಿದದ್ದು.

ಅರ್ಲೀನ್‌ಳ ತಾಳ್ಮೆ ಮಾತ್ರ ಮುಗಿದಿತ್ತು.

"ಆರು ವರ್ಷ ಆಯ್ತು ನಾನು ಊಟದ ಮೇಜಿನ ಮುಖ ನೋಡಿ," ಎಂದಳು ಅವಳು. "ಬರೀ ನಿನ್ನ ಡಬ್ಬಗಳು. ಈಸ್ಟರ್ ಹಬ್ಬದ ಹ್ಯಾಮ್ ಬಟ್ಟೆ ಒಗೆಯೋ ಮಷೀನ್ ಮೇಲಿಟ್ಟು ಕುಯ್ದೆ. ನನ್ನ ತಂಗಿ ಮ್ಯಾಕ್ಸಿನ್ ಇಡೀ ಚರ್ಚಿಗೆ ಹೇಳ್ಕೊಂಡು ಬಂದ್ಳು."

"ಈ ಶನಿವಾರ ಕುರ್ಚಿ ಸಿಗತ್ತೆ ಕಣೇ."

"ಸಿಕ್ಕಿದ್ರೆ ಡಬ್ಬಗಳು ಇರ್ಲಿ, ನಾನು ಸಾಯೋವರ್ಗೂ ಮಡಿಲಲ್ಲೇ ತಟ್ಟೆ ಇಟ್ಕೊಂಡು ತಿಂತೀನಿ. ಸಿಗ್ಲಿಲ್ವೋ, ಭಾನುವಾರ ಬೆಳಗ್ಗೆ ಅಷ್ಟೂ ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ. ಒಂದು ಪಿನ್ನೂ ಮನೇಲಿರಕೂಡ್ದು. ಒಪ್ಪಿಗೇನಾ?"

"ಒಪ್ಪಿಗೆ," ಎಂದ ವೆಂಡೆಲ್. ಆ ಡಬ್ಬಗಳಿಲ್ಲದಿದ್ದರೆ ತನ್ನ ಶನಿವಾರಗಳಲ್ಲಿ ಏನಿರುತ್ತದೆ ಎಂದು ಯೋಚಿಸಲೂ ಅವನಿಗೆ ಭಯವಾಯಿತು.

ಶನಿವಾರ ಬೆಳಗ್ಗೆ ಅರ್ಲೀನ್ ಗಂಡನ ಮೇಲಿನ ಪ್ರೀತಿಯಿಂದಲೇ ಒಂದು ಅನಾಹುತ ಮಾಡಿದಳು. ಅವನ ಕಂದು ಪಟ್ಟಿ ಕೊಳೆಯಾಗಿದೆ ಎಂದು ಒಗೆದುಹಾಕಿ, ತಲೆಗೂದಲು ಸುರುಳಿ ಮಾಡಿಸಿಕೊಳ್ಳಲು ಅಂಗಡಿಗೆ ಹೋದಳು. ಪಟ್ಟಿ ಹಿತ್ತಲಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ವೆಂಡೆಲ್ ಗಾಬರಿಯಾಗಿ ಡಬ್ಬಗಳನ್ನೆಲ್ಲ ತಡಕಾಡಿದ. ಹೋದ ವರ್ಷ ಪಕ್ಕದ ಮನೆಯ ಮಿಸೆಸ್ ಡೆಲ್ಗಾಡೊ ಪಾರ್ಕಿನ ಕೆಲಸ ಬಿಟ್ಟು ಊರು ಬದಲಾಯಿಸುವಾಗ ಅಂಗಳದಲ್ಲಿ ಹಳೇ ಸಾಮಾನು ಮಾರಿದ್ದರು. ಅಲ್ಲಿಂದ ತಂದ ಡಬ್ಬದ ತಳದಲ್ಲಿ ಒಂದು ಪಟ್ಟಿ ಸಿಕ್ಕಿತು.

"ಅಬ್ಬಾ, ಇದೂ ಕಂದೇ," ಎಂದುಕೊಂಡು ಕುದುರೆಗಳನ್ನು ಒಂದೊಂದಾಗಿ ಚುಚ್ಚಿದ.

ಪಟ್ಟಿ ಎಳೆಗರಿಕೆಯಷ್ಟು ಹಸಿರಾಗಿತ್ತು.

ಹೆರಾನ್ ಪಾರ್ಕಿನಲ್ಲಿ ಹಸಿರು ಪಟ್ಟಿಗೆ ಒಂದೇ ಅರ್ಥ. ಅದನ್ನು ತೊಟ್ಟವರು ಪಾರ್ಕಿನ ಕೆಲಸದವರು, ಅವರು ಮಕ್ಕಳ ಜೊತೆ ಮಾತ್ರ ಅದಲುಬದಲು ಮಾಡುವವರು. ಮಗು ಯಾವ ಪಿನ್ನು ಕೊಟ್ಟರೂ, ಪಟ್ಟಿಯ ಮೇಲಿನ ಯಾವ ಪಿನ್ನು ಕೇಳಿದರೂ, ಅವರು ಇಲ್ಲ ಎನ್ನುವ ಹಾಗಿಲ್ಲ. ಇದು ಪಾರ್ಕಿಗೆ ಬರುವ ಎಲ್ಲ ಮಕ್ಕಳಿಗೂ ತಮ್ಮ ಮನೆ ವಿಳಾಸಕ್ಕಿಂತ ಚೆನ್ನಾಗಿ ಗೊತ್ತು. ವೆಂಡೆಲ್‌ಗೂ ಗೊತ್ತಿತ್ತು. ತಾನು ತೊಟ್ಟಿದ್ದು ಕಂದು ಎಂದು ಇನ್ನೂ ಚೆನ್ನಾಗಿ ಗೊತ್ತಿತ್ತು. ಸಾಲದ್ದಕ್ಕೆ ಮಹತ್ವದ ದಿನವೆಂದು ಹೊಸ ಬಿಳಿ ಅಂಗಿ, ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು ಧರಿಸಿದ್ದ. ಪಾರ್ಕಿನ ಕೆಲಸದವರ ಸಮವಸ್ತ್ರವೂ ಅದೇ.

ಮೂರೂ ಮುಕ್ಕಾಲಿಗೆ ಗೇಟು ದಾಟಿ ನೆಟ್ಟಗೆ ಮೇಜಿಗೆ ಹೋಗಿದ್ದರೆ ಹತ್ತು ನಿಮಿಷದ ದಾರಿ. ಆದರೆ ಹನ್ನೊಂದು ವರ್ಷ ಕಾದವನು ಸ್ವಲ್ಪ ಮೆರೆಯುವುದು ಬೇಡವೇ? ವೆಂಡೆಲ್ ಒಂದು ಗಂಟೆಗೇ ಒಳಗೆ ಬಂದ.

ಪಾಪ್‌ಕಾರ್ನ್ ಗಾಡಿಯವರೆಗೆ ಮೆರವಣಿಗೆ ಸುಗಮವಾಗಿ ಸಾಗಿತು. ಅಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ದಾರಿಗೆ ಅಡ್ಡ ನಿಂತಳು. ಹೆಸರು ಇಮಾನಿ. ಮುಂದಿನ ಎರಡು ಹಲ್ಲಿಲ್ಲ.

"ನಂಗೆ ಆ ಕುದುರೆ ಬೇಕು," ಎಂದು ಜಡೆ ಬಾಲದ ಕುದುರೆಗೆ ಬೆರಳು ಮಾಡಿ, ತನ್ನ ಅಂಗೈ ಬಿಚ್ಚಿದಳು. ಅಂಗೈಯಲ್ಲಿ ನೆಲ ಒರೆಸುವ ಬಕೆಟ್ಟಿನ ಪಿನ್ನು ಇತ್ತು.

ವೆಂಡೆಲ್ ಎಷ್ಟೋ ದಿನದಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿದ ನಗೆ ನಕ್ಕ. "ಕ್ಷಮಿಸಮ್ಮಾ ಪುಟ್ಟಿ. ಇವು ಕೊಡೋವಲ್ಲ."

"ನೀವು ಹಾಗನ್ನೋ ಹಾಗಿಲ್ಲ."

"ಏನು?"

"ಇಲ್ಲ ಅನ್ನೋ ಹಾಗಿಲ್ಲ," ಎಂದಳು ಇಮಾನಿ, ದೊಡ್ಡವರಿಗೆ ಬುದ್ಧಿ ಹೇಳುವ ತಾಳ್ಮೆಯಿಂದ. ಅವಳ ತಾಯಿ ಕೈಕಟ್ಟಿ ನಿಂತು ಹುಬ್ಬೇರಿಸಿದಳು. ಪಾಪ್‌ಕಾರ್ನ್ ಸಾಲಿನಲ್ಲಿದ್ದವರು ಛೆ ಛೆ ಎಂದರು. ಅಷ್ಟರಲ್ಲಿ ವಾಕಿಟಾಕಿ ಹಿಡಿದ ಮೇಲ್ವಿಚಾರಕಿ ಮಿಸ್ ಕಿಂಟಾನಾ ಬಿರಬಿರನೆ ಬಂದಳು.

"ಏನ್ ಸರ್, ಏನು ತೊಂದ್ರೆ?"

"ಈ ಮಗು ನನ್ನ ಕುದುರೆ ಕೇಳ್ತಿದೆ."

"ಕೇಳಿದ್ರೆ ಕೊಡಿ. ಮಕ್ಳಿಗೆ ಇಲ್ಲ ಅನ್ನಬಾರ್ದು ಅಂತ ನಿಮ್ಗೆ ಯಾರೂ ಹೇಳ್ಲಿಲ್ವಾ?"

"ಇಲ್ವಲ್ಲಮ್ಮಾ. ನಾನು ಇವತ್ತೇ ಕೇಳ್ತಿರೋದು."

"ಓ, ಇವತ್ತೇ ಮೊದಲ್ನೇ ದಿನ," ಎಂದು ಮಿಸ್ ಕಿಂಟಾನಾ ನಿಟ್ಟುಸಿರು ಬಿಟ್ಟಳು. "ಆ ಕಚೇರಿಯವ್ರು ಯಾರಿಗೂ ಏನೂ ಹೇಳಿಕೊಡದೆ ಕಳಿಸಿಬಿಡ್ತಾರೆ. ಹೋಗ್ಲಿ ಬಿಡಿ. ಮಗು ಕೇಳ್ತು, ನಗ್ತಾ ಕೊಟ್ರಿ. ಅಷ್ಟೇ ಕೆಲ್ಸ."

ವೆಂಡೆಲ್‌ನ ಜೀವನದಲ್ಲಿ ಒಂದು ನೀತಿಯಿತ್ತು. ವಾಕಿಟಾಕಿ ಹಿಡಿದವರ ಜೊತೆ ವಾದ ಮಾಡಬಾರದು. ಪಾರ್ಕಿನವರು ಇವತ್ತಿನಿಂದ ಹೊಸ ನಿಯಮ ತಂದಿದ್ದಾರೆ, ಬಂದವರೆಲ್ಲರೂ ಮಕ್ಕಳು ಕೇಳಿದ್ದನ್ನು ಕೊಡಬೇಕು ಎಂದು ಅವನು ಅರ್ಥ ಮಾಡಿಕೊಂಡ. ಬೇರೆ ದಿನ ಸಿಗಲಿಲ್ಲವೇ ಇವರಿಗೆ ಎಂದುಕೊಂಡ. ಜಡೆ ಬಾಲದ ಕುದುರೆಯನ್ನು ಬಿಚ್ಚಿ ಕೊಟ್ಟು, ಅದರ ಜಾಗದಲ್ಲಿ ಬಕೆಟ್ಟನ್ನು ಚುಚ್ಚಿಕೊಂಡ.

"ನಿಮ್ಮ ಹೆಸರಿನ ಬಿಲ್ಲೆ ಎಲ್ಲಿ?" ಎಂದಳು ಮಿಸ್ ಕಿಂಟಾನಾ.

"ಅದೂ ಬೇಕಾ?"

"ಬೇಡ್ವಾ ಮತ್ತೆ!" ಅವಳು ಜೇಬಿನಿಂದ ಒಂದು ಬಿಲ್ಲೆ ತೆಗೆದಳು. ಮರೆತು ಬಂದವರಿಗೆಂದು ಇಟ್ಟುಕೊಂಡಿದ್ದು, ಅವತ್ತು ಉಳಿದಿದ್ದು ಅದೊಂದೇ. "ಇವತ್ತಿಗೆ ಇದನ್ನ ಹಾಕ್ಕೊಳ್ಳಿ. ಹೆಸರು ಯಾವುದಾದ್ರೇನು. ಮೂರೂವರೆವರ್ಗೂ ಈ ಗಾಡಿ ಹತ್ರಾನೇ ನಿಂತಿರಿ, ಅಲ್ಲಾಡಬೇಡಿ."

ಹೀಗೆ ವೆಂಡೆಲ್ ಪ್ರೌಟಿ, ಅರವತ್ತಾರು ವರ್ಷ, ಪ್ರಿಸಿಲ್ಲಾ ಆದ.

ಪಟ್ಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡುಬಿಡಲೇ ಎಂಬ ಯೋಚನೆ ಅವನಿಗೆ ಬಾರದಿರಲಿಲ್ಲ. ಆದರೆ ಏಳನೇ ನಿಯಮವಿತ್ತಲ್ಲ. ಕೊರಳಿನಿಂದ ಇಳಿದರೆ ಕುರ್ಚಿ ಹೋಯಿತು. ಕೊರಳಲ್ಲಿದ್ದರೆ ಕುದುರೆ ಹೋಗುತ್ತಿತ್ತು. ಕುದುರೆ ಕೊಡುವ ಬಿಲ್ಲೆಯವರೊಬ್ಬರು ಪಾಪ್‌ಕಾರ್ನ್ ಗಾಡಿ ಹತ್ತಿರ ಇದ್ದಾರೆ ಎಂಬ ಸುದ್ದಿ ಮಕ್ಕಳ ನಡುವೆ ಕಾಡ್ಗಿಚ್ಚಿನಂತೆ ಹಬ್ಬಿತು.

"ಮಿಸ್ಟರ್ ಪ್ರಿಸಿಲ್ಲಾ! ಮಿಸ್ಟರ್ ಪ್ರಿಸಿಲ್ಲಾ! ನಂಗೆ ಹಸಿರು ಕುದುರೆ!"

"ಹಸಿರು ಕುದುರೆ ಎಲ್ಲಿದೆಯೋ ಮರೀ? ಇದು ಕಂದು."

"ಅಯ್ಯೋ, ಇದು ಹಸಿರು! ಕುತ್ತಿಗೆ ಕೂದ್ಲು ಕೆಂಪು! ನಮ್ಮ ಅಜ್ಜಿ ಮನೆ ಗಿಣಿ ಥರ ಇದೆ!" ಎಂದ ಟೋಬಿಯಸ್ ಎಂಬ ಹುಡುಗ, ಸೀಗಡಿ ಬಜ್ಜಿಯ ಪಿನ್ನು ಕೊಟ್ಟು ಎರಡು ಕಾಲೆತ್ತಿದ ಕುದುರೆಯನ್ನು ಒಯ್ಯುತ್ತಾ.

ಈಗಿನ ಶಾಲೆಗಳಲ್ಲಿ ಮಕ್ಕಳಿಗೆ ಬಣ್ಣವನ್ನೂ ಹೇಳಿಕೊಡುವುದಿಲ್ಲವಲ್ಲ ಎಂದು ವೆಂಡೆಲ್ ದೇಶದ ಸ್ಥಿತಿಗೆ ಮರುಗಿದ. ಆದರೆ ಎರಡನೆಯ ಮಗುವೂ ಹಾಗೆಯೇ ಹೇಳಿತು, ಐದನೆಯದೂ ಹೇಳಿತು. ಒಬ್ಬಳಿಗೆ ಕಲ್ಲಂಗಡಿ ಬಣ್ಣದ ಜೀನು ಬೇಕಾಗಿತ್ತು. ಒಬ್ಬನಿಗೆ ಸೈನಿಕರ ಅಂಗಿಯ ಬಣ್ಣದ ಗೊರಸು. ಆರು ವರ್ಷದಿಂದ ತಾನು ದಿನಾ ಒರೆಸಿಡುತ್ತಿದ್ದ ಕುದುರೆಗೆ ಕಲ್ಲಂಗಡಿಯಂಥ ಜೀನಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನಿಗೊಂದು ಥರಾ ಆಯಿತು.

ಎರಡೂವರೆಗೆ ಮಿಸ್ ಕಿಂಟಾನಾ ಬಂದು, ಹದಿನೈದು ನಿಮಿಷ ವಿಶ್ರಾಂತಿ, ಹಿಂದಿನ ಊಟದ ಮನೆಗೆ ಹೋಗಿ ತಿಂದು ಬನ್ನಿ ಎಂದಳು. ಅಲ್ಲಿ ತಟ್ಟೆ ತುಂಬ ಚೀಸ್ ಸುರಿದ ಮ್ಯಾಕರೋನಿ ಕೊಟ್ಟರು, ದುಡ್ಡು ಕೇಳಲಿಲ್ಲ. ಪಕ್ಕದಲ್ಲಿ ಕೂತ ಕಸ ಗುಡಿಸುವವನಿಗೆ ವೆಂಡೆಲ್ ಹೇಳಿದ: "ನಿಯಮ ಬಿಗಿ ಮಾಡಿದ್ದಾರೆ, ನಿಜ. ಆದ್ರೆ ಉಪಚಾರಾನೂ ಜಾಸ್ತಿ ಮಾಡಿದ್ದಾರೆ. ಹನ್ನೊಂದು ವರ್ಷದಿಂದ ಬರ್ತಿದ್ದೀನಿ, ಒಂದು ದಿನಾನೂ ಕೂರಿಸಿ ಊಟ ಹಾಕಿರ್ಲಿಲ್ಲ."

ಗುಡಿಸುವವನು ಪ್ರಿಸಿಲ್ಲಾ ಎಂಬ ಬಿಲ್ಲೆಯನ್ನು ನೋಡಿ, ತಟ್ಟೆ ಎತ್ತಿಕೊಂಡು ಆಚೆ ಮೇಜಿಗೆ ಹೋದ.

ಇಷ್ಟರಲ್ಲಿ ಚರ್ಚಿನ ನಾಲ್ಕು ಹೆಂಗಸರೊಂದಿಗೆ ಪಾರ್ಕಿಗೆ ಬಂದಿದ್ದ ನಾದಿನಿ ಮ್ಯಾಕ್ಸಿನ್, ಗಾಡಿಯ ಪಕ್ಕ ನಿಂತ ಭಾವನನ್ನು ದೂರದಿಂದ ನೋಡಿದ್ದಳು. ಸಮವಸ್ತ್ರ, ಹಸಿರು ಪಟ್ಟಿ, ಎದೆಯ ಮೇಲೆ ಬಿಲ್ಲೆ. ಫೋನು ತೆಗೆದಳು.

"ಅರ್ಲೀನ್! ನಿನ್ನ ಗಂಡ ಕೆಲ್ಸಕ್ಕೆ ಸೇರಿದ್ದಾನೆ!"

"ಯಾರ ಗಂಡ?"

"ನಿನ್ನ ಗಂಡಾನೇ ಕಣೇ! ಪಾರ್ಕಲ್ಲಿ! ಕೆಲಸದವ್ರ ಮನೆಯವ್ರಿಗೆ ವರ್ಷ ಪೂರ್ತಿ ಬಿಟ್ಟಿ ಪ್ರವೇಶ ಅಂತೆ. ನಾನೂ ಮನೆಯವ್ಳೇ ತಾನೇ? ಇವ್ರು ನಾಲ್ಕೂ ಜನಾನ ನಮ್ಮ ಅತ್ತಿಗೆ ಮಕ್ಳು ಅಂತ ಬರೆಸಿಬಿಡು."

ಅರ್ಲೀನ್ ತಲೆಗೆ ಸುತ್ತಿದ ಸುರುಳಿಗಳನ್ನು ಬಿಚ್ಚುವಷ್ಟೂ ವ್ಯವಧಾನವಿಲ್ಲದೆ ಹೊರಟುಬಂದಳು. ಗಂಡ ನನಗೆ ಹೇಳದೆ ಕೆಲಸ ಹುಡುಕಿಕೊಂಡಿದ್ದಾನೆ, ಇನ್ನು ವಾರವಿಡೀ ಮನೆಯಲ್ಲಿ ಡಬ್ಬಗಳ ಸುತ್ತ ಸುಳಿಯುವುದಿಲ್ಲ ಎಂದು ಅವಳಿಗೆ ಆನಂದಬಾಷ್ಪ ಬಂದಿತ್ತು. ಗೇಟಿನಲ್ಲಿ "ನನ್ನ ಗಂಡ ಇಲ್ಲೇ ಕೆಲ್ಸ ಮಾಡೋದು" ಎಂದಳು. ಸುರುಳಿ ತಲೆಯ ಹೆಂಗಸನ್ನು ತಡೆಯುವ ಧೈರ್ಯ ಗೇಟಿನವನಿಗೆ ಬರಲಿಲ್ಲ.

ಅವಳು ಗಾಡಿಯ ಹತ್ತಿರ ಬರುವ ಹೊತ್ತಿಗೆ ಮೂರೂ ಕಾಲು. ವೆಂಡೆಲ್ ಹನ್ನೆರಡನೇ ಕುದುರೆಯನ್ನು, ಮೂವತ್ತು ಪಿನ್ನು ಮತ್ತು ಸೀಗಡಿ ಊಟದ ಕುದುರೆಯನ್ನು, ಮೂರು ವರ್ಷದ ಮಗುವೊಂದಕ್ಕೆ ಕೊಡುತ್ತಿದ್ದ. ಅಪ್ಪನ ಹೆಗಲ ಮೇಲೆ ಕೂತಿದ್ದ ಆ ಮಗು ಅದಕ್ಕೆ ಬದಲಾಗಿ ವಾಹನ ನಿಲ್ದಾಣದ ಪಿನ್ನು ಕೊಟ್ಟಿತು, ಅದೂ ಬಾಯಲ್ಲಿದ್ದದ್ದನ್ನು ತೆಗೆದು.

"ವೆಂಡೆಲ್! ನನ್ಗೊಂದು ಮಾತು ಹೇಳ್ಬಾರ್ದಿತ್ತಾ!" ಎಂದು ಅರ್ಲೀನ್ ಅವನನ್ನು ತಬ್ಬಿಕೊಂಡಳು. "ಎಷ್ಟು ದಿನದಿಂದ ಕೆಲ್ಸಕ್ಕೆ ಬರ್ತಿದ್ದೀಯ?"

"ಯಾವ ಕೆಲ್ಸ?"

"ಭಾವಾ, ಟಿಕೆಟ್ಟು," ಎಂದಳು ಮ್ಯಾಕ್ಸಿನ್. ಅವಳ ಹಿಂದೆ ನಾಲ್ವರು ಅತ್ತಿಗೆ ಮಕ್ಕಳು, ಎಲ್ಲರೂ ಎಪ್ಪತ್ತರ ಮೇಲಿನವರು, ಸಾಲಾಗಿ ನಿಂತಿದ್ದರು.

"ಯಾವ ಟಿಕೆಟ್ಟು? ಪಾರ್ಕಿಂದು ಹೊಸ ನಿಯಮ, ಯಾರು ಬಂದ್ರೂ ಮಕ್ಳು ಕೇಳಿದ್ದನ್ನ ಕೊಡ್ಬೇಕು. ಎಲ್ಲಾ ಕೊಟ್ಟೆ. ಕುದುರೆ ಎಲ್ಲಾ ಹೋಯ್ತು ಅರ್ಲೀನ್."

ಮಿಸ್ ಕಿಂಟಾನಾ ಓಡಿಬಂದಳು. "ಯಾರು ಬಂದ್ರೂ ಅಂದ್ರೆ? ನೀವು ಕೆಲಸದವ್ರು ತಾನೇ? ಹಸಿರು ಪಟ್ಟಿ ಹಾಕ್ಕೊಂಡಿದ್ದೀರಲ್ಲ!"

"ಎಲ್ಲಿ ಹಸಿರು? ಇದು ಕಂದು."

ಗಾಡಿಯಲ್ಲಿ ಜೋಳ ಪಟಪಟ ಸಿಡಿಯುತ್ತಿತ್ತು. ಅರ್ಲೀನ್ ಗಂಡನ ಕೊರಳಿನ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ನಲವತ್ತು ವರ್ಷ ನುಂಗಿಕೊಂಡಿದ್ದ ಮಾತನ್ನು ಬಹಳ ಮೆಲ್ಲಗೆ ಆಡಿದಳು.

"ಹಸಿರು ಕಣೋ, ವೆಂಡೆಲ್. ಪೂರ್ತಿ ಹಸಿರು."

ಈ ಸಲ ಅವನು ಕನ್ನಡಕ ಮಾಡಿಸಿಕೋ ಎನ್ನಲಿಲ್ಲ. ಗಾಡಿಯ ಚಕ್ರದ ಪಕ್ಕ ಕಟ್ಟೆಯ ಮೇಲೆ ಕುಸಿದು ಕೂತ.

ಮಿಸ್ ಕಿಂಟಾನಾ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವ್ರೇ, ಬಂದವ್ರ ಕೈಲಿ ಎರಡು ಗಂಟೆ ದುಡಿಸಿಬಿಟ್ನಾ ನಾನು! ತಪ್ಪಾಯ್ತು ಸರ್. ತಾಳಿ, ಒಂದು ಕುದುರೇನೂ ಬಿಡದೆ ವಾಪಸ್ ತರಿಸ್ತೀನಿ." ವಾಕಿಟಾಕಿಯಲ್ಲಿ ಅರ್ಧ ನಿಮಿಷ ಗುಡುಗಿದಳು. ಅದರ ಬೆನ್ನಿಗೇ ಪಾರ್ಕಿನ ಮೂಲೆಮೂಲೆಯ ಧ್ವನಿವರ್ಧಕಗಳು ಒದರಿದವು: ಮಿಸ್ಟರ್ ಪ್ರಿಸಿಲ್ಲಾ ಅವರಿಂದ ಕುದುರೆ ಪಿನ್ನು ಪಡೆದ ಮಕ್ಕಳೆಲ್ಲ ದಯವಿಟ್ಟು ನಾಲ್ಕು ಗಂಟೆಯೊಳಗೆ ದೋಣಿಗಟ್ಟೆಯ ಮೇಜಿನ ಹತ್ತಿರ ಬರಬೇಕು.

ಮೂರೂ ನಲವತ್ತಕ್ಕೆ ವೆಂಡೆಲ್ ಮೇಜಿನ ಮುಂದೆ ನಿಂತ. ಕೊರಳಲ್ಲಿ ಬಕೆಟ್ಟು, ಬಜ್ಜಿ, ವಾಹನ ನಿಲ್ದಾಣ. ಮಿಸೆಸ್ ಟಟಲ್ ಭೂತಗನ್ನಡಿಯಿಂದ ಮೊದಲು ಪಟ್ಟಿ ನೋಡಿದರು, ಆಮೇಲೆ ಬಿಲ್ಲೆ ನೋಡಿದರು.

"ಪ್ರಿಸಿಲ್ಲಾ," ಎಂದು ಓದಿ ತಲೆದೂಗಿದರು.

"ಕುದುರೆಗಳು ಬರ್ತಾ ಇವೆ ಮೇಡಂ, ಹತ್ತು ನಿಮಿಷ," ಎಂದಳು ಮಿಸ್ ಕಿಂಟಾನಾ. ಮಕ್ಕಳನ್ನು ಸಮಾಧಾನ ಮಾಡಲು ಅವಳು ಒಂದು ಚೀಲ ತುಂಬ ಬೇರೆ ಪಿನ್ನು ತಂದಿದ್ದಳು.

ಮೊದಲು ಬಂದವಳು ಇಮಾನಿ. ಕುದುರೆಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು, ಮೇಲೆ ಎರಡೂ ಕೈ ಮುಚ್ಚಿಕೊಂಡಿದ್ದಳು. ಹಿಂದೆ ಟೋಬಿಯಸ್, ಅವನು ಅಳಬಾರದೆಂದು ತುಟಿ ಕಚ್ಚಿಕೊಂಡಿದ್ದ. ಮೂರು, ಐದು, ಎಂಟು, ಹನ್ನೊಂದು ಮಕ್ಕಳು ಬಂದು ಸಾಲಾಗಿ ನಿಂತರು. ಮೊದಲ ಮಗುವನ್ನು ನೋಡಿ ಎಲ್ಲವೂ ಕುದುರೆಯನ್ನು ಕೊರಳಿಗೇ ಹಾಕಿಕೊಂಡಿದ್ದವು, ಕಿತ್ತುಕೊಳ್ಳುವುದು ಕಷ್ಟವಾಗಲಿ ಎಂದು.

ವೆಂಡೆಲ್ ಇಮಾನಿಯ ಎದುರು ಮಂಡಿಯೂರಿ ಕೂತ. ಕೈ ಚಾಚಿದರೆ ಕುದುರೆ, ಕುರ್ಚಿ, ಡಬ್ಬಗಳು, ಶನಿವಾರಗಳು ಎಲ್ಲವೂ ವಾಪಸು. ಅವನು ಕೈ ಚಾಚಿದ. ಆದರೆ ಬಾಯಿ ಬೇರೆಯದನ್ನೇ ಕೇಳಿತು.

"ಇದು ಯಾವ ಬಣ್ಣ ಪುಟ್ಟಿ?"

ಇಮಾನಿಗೆ ಇದು ಪರೀಕ್ಷೆ ಎನ್ನಿಸಿತು. ಒಂದು ಕೈ ಸರಿಸಿ ನೋಡಿ ಉತ್ತರ ಹೇಳಿದಳು. "ಮೈ ಗುಲಾಬಿ. ಬಾಲದ ಜಡೆ ಹಸಿರು, ಎಳೇ ಎಲೆ ಇರತ್ತಲ್ಲ, ಹಾಗೆ. ಕಣ್ಣು ಕಪ್ಪು. ಇದ್ರ ಹೆಸ್ರು ಮಫಿನ್."

"ಹೆಸರಿಟ್ಟುಬಿಟ್ಯಾ?"

"ಹ್ಞೂಂ. ತಗೋಳ್ತೀರಾ?"

ವೆಂಡೆಲ್ ಎದ್ದು ನಿಂತ. ಮೇಜಿನ ಕಡೆ ತಿರುಗಿದ. "ನೋಡಿ, ನನ್ಗೆ ಹಸಿರು ಕಾಣ್ಸಲ್ಲ. ಕೆಂಪೂ ಅಷ್ಟಕ್ಕಷ್ಟೇ. ಹುಟ್ಟಿದಾಗಿಂದ. ಛಾಯೆ ಸರಿಯಿಲ್ಲ ಛಾಯೆ ಸರಿಯಿಲ್ಲ ಅಂತ ಇಷ್ಟು ವರ್ಷ ಬಾಯಿಗೆ ಬಂದಿದ್ದು ಹೇಳ್ದೆ. ಇವಳು ಒಂದು ಮಧ್ಯಾಹ್ನ ನೋಡಿದಷ್ಟು ಆ ಕುದುರೇನ ನಾನು ಆರು ವರ್ಷ ಇಟ್ಕೊಂಡೂ ನೋಡಿಲ್ಲ. ಮಕ್ಳಾ, ಕುದುರೆ ನಿಮ್ಮದೇ. ಇಟ್ಕೊಳ್ಳಿ."

ಡಾಕ್ಟರ್ ಪ್ರೂಯಿಟ್ ಕುರ್ಚಿಯಿಂದ ಚಿಮ್ಮಿದರು. "ಏನಂದೆ? ನಿನ್ನ ಮಾತು ಕೇಳಿ ನಾನು ಆ ದೋಣಿ ಬಿಟ್ಕೊಟ್ನಲ್ಲೋ! ಅಸಲಿ ದೋಣಿ! ಬೆನ್ನು ಮುತ್ತಿನ ಹಾಗಿತ್ತು!"

"ಕೂತ್ಕೊಳ್ರೀ ಪ್ರೂಯಿಟ್," ಎಂದರು ಮಿಸೆಸ್ ಟಟಲ್. "ನನ್ಗೆ ಆವತ್ತೇ ಗೊತ್ತಿತ್ತು."

"ಹೇಗೆ?"

"ನೀವು ಜನ್ಮವೆಲ್ಲ ಊರವ್ರ ಬಾಯಿ ನೋಡಿದ್ರಿ. ಒಂದ್ಸಲ ಅವನ ಕಾಲು ನೋಡಿದ್ರೆ ನಿಮ್ಗೂ ಗೊತ್ತಾಗ್ತಿತ್ತು."

ನಂತರ ಅವರು ಮಕ್ಕಳ ಸಾಲಿನ ಮುಂದೆ ಊರುಗೋಲು ಹಿಡಿದು ನಡೆದು ಒಂದೊಂದು ಕೊರಳನ್ನೂ ಭೂತಗನ್ನಡಿಯಿಂದ ನೋಡಿದರು. "ಒಂದು, ಎರಡು... ಹನ್ನೊಂದು. ಒಂದು ಕಮ್ಮಿ."

ದೋಣಿಗಟ್ಟೆಯ ಗಡಿಯಾರದಲ್ಲಿ ನಾಲ್ಕಕ್ಕೆ ಎರಡು ನಿಮಿಷ. ಇದೇಕೆ ಎಣಿಸುತ್ತಿದ್ದಾರೆ ಎಂದು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗಿದ್ದು ಅರ್ಲೀನ್‌ಗೆ ಮಾತ್ರ. ಸಿಕ್ಕರೆ ಸಾಯುವವರೆಗೂ ಮಡಿಲಲ್ಲಿ ತಟ್ಟೆ ಎಂದು ಮಾತು ಕೊಟ್ಟವಳು ಅವಳೇ, ಆದರೂ ಸುರುಳಿಗಳು ಹಾರಿಬೀಳುವಂತೆ ದಾರಿಯ ಮಧ್ಯಕ್ಕೆ ಓಡಿ ಕೂಗಿದಳು: "ಹೆಗಲ ಮೇಲೆ ಮಗು! ಅಪ್ಪನ ಹೆಗಲ ಮೇಲೆ ಕೂತಿರೋ ಮಗು! ಯಾರಾದ್ರೂ ನೋಡಿದ್ರಾ?"

"ಅಲ್ಲಿ!" ಎಂದು ಮ್ಯಾಕ್ಸಿನ್ ಕಿರುಚಿದಳು. ನಾಲ್ವರು ಅತ್ತಿಗೆ ಮಕ್ಕಳು ಐಸ್‌ಕ್ರೀಮ್ ಅಂಗಡಿಯ ಮೇಲೆ ದಾಳಿಯಿಟ್ಟು ಒಬ್ಬ ಗಾಬರಿಬಿದ್ದ ಅಪ್ಪನನ್ನು ಮಗು ಸಮೇತ ದಬ್ಬಿಕೊಂಡು ಬಂದರು. ಮಗುವಿನ ಕೊರಳಲ್ಲಿ ಬೂಟಿನ ದಾರವಿತ್ತು, ದಾರದ ತುದಿ ಬಾಯಲ್ಲಿತ್ತು. ಅಪ್ಪ ದಾರ ಎಳೆದ. ಒಂದು ಕಾಲೆತ್ತಿದ ಕುದುರೆ, ಚಾಕಲೇಟು ಬಳಿದುಕೊಂಡು, ಹೊರಗೆ ಬಂತು. ಗಡಿಯಾರ ನಾಲ್ಕು ಹೊಡೆಯತೊಡಗಿತು.

"ಹನ್ನೆರಡು," ಎಂದರು ಮಿಸೆಸ್ ಟಟಲ್. "ಪೂರಾ ಕಟ್ಟು, ಕೊರಳಲ್ಲಿ, ಎಲ್ಲರ ಕಣ್ಣಿಗೂ ಬಿದ್ದು, ಹೊತ್ತಿಗೆ ಸರಿಯಾಗಿ ಬಂದಿದೆ. ಇಂಥವ್ರ ಕೊರಳಲ್ಲೇ ಇರ್ಬೇಕು ಅಂತ ಏಳನೇ ನಿಯಮದಲ್ಲಿಲ್ಲ. ಯಾರ ಕೊರಳು ಅಂತ ಮೂವತ್ತು ವರ್ಷದಿಂದ ಯಾರೂ ಕೇಳಿಲ್ಲ, ಇವತ್ತು ಕೇಳೋರು ಯಾರಾದ್ರೂ ಇದ್ದಾರಾ?"

ಡಾಕ್ಟರ್ ಪ್ರೂಯಿಟ್ ಬಾಯಿ ತೆರೆದರು. ಹನ್ನೆರಡು ಮಕ್ಕಳೂ ಅವರನ್ನೇ ನೋಡಿದವು. ಡಾಕ್ಟರು ಬಾಯಿ ಮುಚ್ಚಿ, ಓಗಲ್‌ಟ್ರೀ ಅವರ ಕುರ್ಚಿಯನ್ನು ತಾವೇ ಎಳೆದು, ಕೈವಸ್ತ್ರದಿಂದ ಒರೆಸಿದರು. "ಆ ದೋಣಿ ವಿಚಾರ ನಾನು ಮರ್ಯಲ್ಲ," ಎಂದು ಮಾತ್ರ ಗೊಣಗಿದರು.

"ತಗಡಿನ ಮೇಲೆ ಏನ್ ಕೆತ್ತಿಸೋದು?" ಎಂದರು ಮಿಸೆಸ್ ಟಟಲ್.

"ಮಿಸ್ಟರ್ ಪ್ರಿಸಿಲ್ಲಾ!" ಎಂದು ಮಕ್ಕಳು ಒಕ್ಕೊರಲಿನಿಂದ ಕೂಗಿದವು. ಅದೇ ಆಯಿತು. ಇವತ್ತಿಗೂ ಅದೇ ಇದೆ.

ಮಿಸ್ ಕಿಂಟಾನಾ ಸಂಕೋಚದಿಂದ ಮುಂದೆ ಬಂದಳು. "ಸರ್, ನಿಮ್ಗೆ ಬೇಜಾರಿಲ್ದಿದ್ರೆ, ಶನಿವಾರ ಶನಿವಾರ ನಿಜವಾಗ್ಲೂ ಕೆಲ್ಸಕ್ಕೆ ಬರ್ತೀರಾ? ಮಕ್ಳಿಗೆ ಕೊಡೋಕೆ ಪಿನ್ನು ನಾವೇ ಕೊಡ್ತೀವಿ."

"ಪಿನ್ನು ನಮ್ಮನೇಲೇ ಇವೆ," ಎಂದ ವೆಂಡೆಲ್. "ಊಟದ ಮೇಜಿನ ತುಂಬಾ. ನಾಳೇನೇ ತರ್ತೀನಿ. ಅಷ್ಟೂ." ಆಮೇಲೆ ನೆನಪಾಗಿ, "ಮ್ಯಾಕರೋನಿ ಇರತ್ತಾ?" ಎಂದು ಕೇಳಿದ.

ಟಿಕೆಟ್ಟಿನ ಬಗ್ಗೆ ಮ್ಯಾಕ್ಸಿನ್ ಏನೋ ಕೇಳಲು ಹೊರಟಳು. ಅರ್ಲೀನ್ ಅವಳ ಕಾಲು ತುಳಿದಳು.

ವೆಂಡೆಲ್ ಕುರ್ಚಿಯಲ್ಲಿ ಕೂತ. ಹನ್ನೊಂದು ವರ್ಷ ಹಿಂದಿನಿಂದ ನೋಡಿದ ಮೇಜು ಮುಂದಿನಿಂದ ಬಹಳ ಚಿಕ್ಕದಾಗಿ ಕಂಡಿತು. ಸುಖವಾಗಿ ಕಾಲ ಮೇಲೆ ಕಾಲು ಹಾಕಿದ. ಪ್ಯಾಂಟು ಮೇಲೆ ಸರಿಯಿತು.

"ಮಿಸ್ಟರ್ ಪ್ರಿಸಿಲ್ಲಾ, ನಿಮ್ಮ ಕಾಲುಚೀಲ ಒಂದೊಂದು ಒಂದೊಂದು ಥರ ಇದೆ," ಎಂದಳು ಇಮಾನಿ.

ವೆಂಡೆಲ್ ಬಗ್ಗಿ ನೋಡಿದ. ಅವನ ಕಣ್ಣಿಗೆ ಎರಡೂ ಒಂದೇ. ತಲೆಯೆತ್ತಿ, ಸುರುಳಿಗಳು ಅರ್ಧ ಬಿಚ್ಚಿಹೋಗಿ ನಿಂತಿದ್ದ ಹೆಂಡತಿಯನ್ನು ಹುಡುಕಿದ.

"ಯಾವ್ದು ಯಾವ ಬಣ್ಣ ಅರ್ಲೀನ್? ನೀನೇ ಹೇಳು."

ನಲವತ್ತು ವರ್ಷದಲ್ಲಿ ಅವನು ಇದನ್ನು ಕೇಳಿದ್ದು ಇದೇ ಮೊದಲು. ಅರ್ಲೀನ್ ಬಂದು ಅವನ ಕುರ್ಚಿಯ ಕೈಯ ಮೇಲೆ ಕೂತಳು, ಕಣ್ಣೊರೆಸಿಕೊಂಡಳು, ಕನ್ನಡಕ ಸರಿಮಾಡಿಕೊಂಡಳು.

"ಎಡಗಾಲಿಂದು ಹಸಿರು," ಎಂದಳು. "ಬಲಗಾಲಿಂದು ಕಂದು. ಮನೇಲಿ ಇಂಥದೇ ಇನ್ನೊಂದು ಜೊತೆ ಇದೆ."